ಎಡಗೈಗೊಂದು ಕೆಲಸ

ನಮ್ಮ ಮನೆಯ ಮೋಟಾರ್‌ಸೈಕಲ್ಲಿನ ಎಂಜಿನ್ನನ್ನು ಬಿಚ್ಚಿ ತಿಣ್ಣೆಯ ಮೇಲೆ ಹರಡಿದ್ದು ತೊಂಬತ್ತೆಂಟರಲ್ಲಿ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಶಾಸನಗಳ ಕಾಲವನ್ನು ನಿರ್ಣಯಿಸುವುದರಲ್ಲೇ ಉದ್ಯೋಗದ ಬದುಕನ್ನು ಕಳೆದವಳು ನಾನು. ಅರಸನ ಆಳ್ವಿಕೆಯ ವರ್ಷವೊಂದನ್ನೇ ನೆಚ್ಚಬೇಡಿ, ತಿಥಿ, ವಾರ, ಗ್ರಹಣಗಳನ್ನು ಒಂದರ ಎದುರಿಗೆ ಒಂದನ್ನಿಟ್ಟು ನೋಡಿ ಎಂದು ಕಿರಿಯರಿಗೆ ಹೇಳಿಕೊಡುತ್ತಿದ್ದವಳು. ಸ್ವಂತ ಮನೆಯ ವಿಷಯದಲ್ಲಿ ಮಾತ್ರ ಬರಿಯ ನೆನಪನ್ನು ನೆಚ್ಚಿದ್ದೆ. ಈ ಅಧ್ಯಾಯವನ್ನು ಬರೆಯಲು ಕುಳಿತಾಗ ಆ ನೆನಪಿನೊಳಗೇ ಅದನ್ನು ಸುಳ್ಳುಮಾಡುವ ಸಾಕ್ಷಿಯೊಂದು ಸಿಕ್ಕಿತು: ಬಿಚ್ಚಿಟ್ಟ ಎಂಜಿನ್ನಿನ ಮೇಲೆ ಒಂದು ಕಡ್ಡಿ ದರ್ಭೆ. ಗ್ರಹಣದ ದಿನ ಅಮ್ಮ ಹಾಲು, ನೀರು, ಉಪ್ಪಿನಕಾಯಿ ಭರಣಿಗಳ ಮೇಲೆಲ್ಲ ದರ್ಭೆಯಿಟ್ಟು ಬಂದವಳು, ಕೈಯಲ್ಲಿ ಒಂದು ಕಡ್ಡಿ ಉಳಿಯಿತೆಂದು ತಿಣ್ಣೆಗೂ ಬಂದಿದ್ದಳು.

“ತೆರೆದಿಟ್ಟಿದ್ದಕ್ಕೆಲ್ಲ ಹಾಕ್ಬೇಕು. ಇದೂ ತೆರೆದೇ ಇದೆಯಲ್ಲ.”

ಅಂದು ಬೆಳಿಗ್ಗೆ ಅವಳು ಭೀಮನ ಅಮಾವಾಸ್ಯೆಯ ಪೂಜೆ ಮಾಡಿ ಅಪ್ಪನ ಪಾದ ತೊಳೆದದ್ದೂ, ಸಂಜೆ ನಾವೆಲ್ಲ ಗ್ರಹಣದ ಸ್ನಾನ ಮಾಡಿದ್ದೂ ನೆನಪಿನಲ್ಲಿ ಒಟ್ಟಿಗೇ ಇವೆ. ಆಷಾಢದ ಅಮಾವಾಸ್ಯೆಯಂದೇ ಸೂರ್ಯಗ್ರಹಣ ಬಂದದ್ದು ತೊಂಬತ್ತೊಂಬತ್ತರ ಆಗಸ್ಟಿನಲ್ಲಿ. ಪಂಚಾಂಗದಲ್ಲಿ ನೋಡಿ ಖಚಿತಪಡಿಸಿಕೊಂಡೆ. ಮರುದಿನ ನಮ್ಮ ಬೀದಿಯಲ್ಲೇ ಇದ್ದ ಅಪ್ಪನ ಸ್ನೇಹಿತ ನಟೇಶನ್ ಮಾಮ ಬಂದು ದರ್ಭೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದ್ದೂ ಆಮೇಲೆ ಒಂದೊಂದಾಗಿ ನೆನಪಾಯಿತು.

“ಶೇಷು, ಇದು ಎಂದ ಪಾರ್ಟ್‌ಡಾ? ನಾನು ನಿನಗೆ ವಿತ್ತಾಗ ಇದು ಇರ್ಲಿಲ್ವೇ!”

ತಮಿಳಿನ ‘ಎಂದ’ ಎಂದರೆ ಯಾವ, ‘ವಿತ್ತಾಗ’ ಎಂದರೆ ಮಾರಿದಾಗ. ಅಪ್ಪನೊಡನೆ ರೈಲ್ವೆ ಕಚೇರಿಯ ಒಂದೇ ಮೇಜಿನಲ್ಲಿ ಅಷ್ಟು ವರ್ಷ ಕುಳಿತು ನಟೇಶನ್ ಮಾಮನಿಗೆ ಬಂದ ಕನ್ನಡ ಇಂಥದು. ಅರ್ಧಕ್ಕೆ ತಮಿಳು ಸೇರಿಸಿ ಧೈರ್ಯವಾಗಿ ಆಡುತ್ತಿದ್ದರು. ಆ ಮೋಟಾರ್‌ಸೈಕಲ್ಲು ಮೊದಲು ಅವರದೇ. ನಾನು ಶಾಲೆಗೆ ಸೇರಿದ ಸುಮಾರಿಗೆ ಅಪ್ಪ ಅದನ್ನು ಅವರಿಂದ ಕೊಂಡರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಯಾವ ಬೀದಿಯಲ್ಲಿ ನಿಲ್ಲಿಸಿದರೂ ಯಾರೂ ತಿರುಗಿ ನೋಡದಂಥ, ಹೊಗೆ ಬಿಡುವ, ಕಿಕ್ಕರನ್ನು ನಾಲ್ಕು ಸಲ ತುಳಿಯದೆ ಎಚ್ಚರಗೊಳ್ಳದ ಗಾಡಿ.

ತಮಿಳು ಸೀಮೆಯ ಪಲ್ಲಾವರದಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲೇ ಇದ್ದ ನಮ್ಮ ಮನೆ ಉದ್ದಕ್ಕೆ ಚಾಚಿಕೊಂಡಿತ್ತು. ಬೀದಿಗೆ ತಿಣ್ಣೆ, ಅದರ ಹಿಂದೆ ಹಜಾರ, ಅದರ ಹಿಂದೆ ದೇವರ ಮನೆ, ಕೊನೆಯಲ್ಲಿ ಅಡುಗೆಮನೆ ಮತ್ತು ಬಾವಿ. ವಿಮಾನಗಳು ಹೆಂಚಿಗೆ ತಾಗುವಷ್ಟು ಕೆಳಗೆ ಹಾದುಹೋಗುತ್ತಿದ್ದುದರಿಂದ ನಮ್ಮ ಮನೆಯವರಿಗೆ ಮಾತನ್ನು ನಡುವೆ ನಿಲ್ಲಿಸಿ, ಸದ್ದು ಕಳೆದ ಮೇಲೆ ಅದೇ ಶಬ್ದದಿಂದ ಮುಂದುವರಿಸುವ ಅಭ್ಯಾಸವಿತ್ತು. ಜಗಳಗಳೂ ಹಾಗೆಯೇ ನಿಂತು ಮುಂದುವರಿಯುತ್ತಿದ್ದವು. ತಿಣ್ಣೆಯಿಂದ ಬಾವಿಯವರೆಗೆ ಆ ಮನೆಯನ್ನು ಆಳುತ್ತಿದ್ದ ಶಾಸನ ಒಂದೇ: ಎಡಗೈ ಕೂಡದು. ಬಡಿಸುವುದು, ಉಣ್ಣುವುದು, ಹೂ ಏರಿಸುವುದು, ಕೊಡುವುದು, ಕೊಳ್ಳುವುದು, ಎಲ್ಲವೂ ಬಲಗೈಯ ಹಕ್ಕು. ನಾನೋ ಹುಟ್ಟಾ ಎಡಚಿ. ಬಳಪ ಎಡಗೈಗೆ ಬಂದಾಗಲೆಲ್ಲ ಅಮ್ಮ ಸದ್ದಿಲ್ಲದೆ ಅದನ್ನು ಬಲಗೈಗೆ ದಾಟಿಸುತ್ತಿದ್ದಳು. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅನ್ನದ ಬಟ್ಟಲಿನ ಹತ್ತಿರ ನನ್ನ ಎಡಗೈ ಚಲಿಸಿದರೆ ಅದರ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿಯುತ್ತಿದ್ದಳು, ಅಷ್ಟೆ. ಏಳನೆಯ ವಯಸ್ಸಿಗೆ ನಾನು ಬಲಗೈಯವಳಾಗಿದ್ದೆ. ಏನನ್ನಾದರೂ ಮಾಡುವ ಮೊದಲು ಒಂದು ಕ್ಷಣ ತಡೆದು, ಇದು ಸರಿಯೇ ಎಂದು ಕೇಳಿಕೊಳ್ಳುವ ನನ್ನ ಸ್ವಭಾವ ಹುಟ್ಟಿದ್ದು ಅಲ್ಲಿ. ಸಂಶೋಧನೆಗೆ ಅದು ಒದಗಿತು, ಬದುಕಿಗೆ ಅಷ್ಟಾಗಿ ಒದಗಲಿಲ್ಲ.

ಆ ಶಾಸನ ನಡೆಯದ ಜಾಗ ಒಂದೇ ಇತ್ತು. ಶಾಲೆಗೆ ಕರೆದೊಯ್ಯುವಾಗ ಅಪ್ಪ ನನ್ನನ್ನು ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಬೀದಿಯ ತಿರುವು ದಾಟಿ ಮನೆ ಮರೆಯಾದ ಮೇಲೆ ನನ್ನ ಎಡಗೈಯನ್ನು ತೆಗೆದು ಕ್ಲಚ್ಚಿನ ಮೇಲಿಟ್ಟು, ಅದರ ಮೇಲೆ ತಮ್ಮ ಕೈಯನ್ನಿಡುತ್ತಿದ್ದರು.

“ಇದು ಎಡಗೈಯ ಕೆಲಸ. ಬಲಗೈಗೆ ಇದು ಬರೋದೇ ಇಲ್ಲ. ಹಿಡಿ. ಹಾಂ, ಈಗ ಬಿಡು. ಮೆತ್ತಗೆ, ಮೆತ್ತಗೆ ಬಿಡು.”

ಹಿಡಿ, ಬಿಡು. ಅಕ್ಷರಗಳಿಗಿಂತ ಗಟ್ಟಿಯಾಗಿ ನಾನು ಕಲಿತ ಎರಡು ಶಬ್ದಗಳು ಇವು. ನನ್ನ ಬೆರಳುಗಳ ಕೆಳಗೆ ಗಾಡಿ ಒಂದು ಸಲ ನಡುಗಿ ಮುಂದೆ ಸರಿಯುತ್ತಿದ್ದುದನ್ನು ಈ ಕೈ ಇಂದಿಗೂ ಬಲ್ಲದು.

ನಿವೃತ್ತಿಯಾದ ಮೇಲೆ ಅಪ್ಪ ಗಾಡಿ ಹತ್ತುವುದು ಕಡಿಮೆಯಾಯಿತು. ಅದು ಪಕ್ಕದ ಓಣಿಯಲ್ಲಿ ಗೋಣಿತಾಟಿನ ಕೆಳಗೆ ಕೆಲವು ವರ್ಷ ನಿಂತಿತ್ತು. ಆ ಹೊತ್ತಿಗೆ ನಾನು ನುಂಗಂಬಾಕ್ಕದ ಸಂಶೋಧನ ಸಂಸ್ಥೆಯೊಂದರಲ್ಲಿದ್ದೆ, ಮದುವೆಯಾಗಿರಲಿಲ್ಲ, ದಿನವೂ ಲೋಕಲ್ ರೈಲಿನಲ್ಲಿ ಹೋಗಿ ಬಂದು ಹುಟ್ಟಿದ ಮನೆಯಲ್ಲೇ ಇದ್ದೆ. ತೊಂಬತ್ತೊಂಬತ್ತರ ಯುಗಾದಿ ಕಳೆದ ಕೆಲವು ದಿನಗಳಿಗೆ ಅಪ್ಪನಿಗೆ ಪಾರ್ಶ್ವವಾಯು ತಗಲಿತು. ಆಸ್ಪತ್ರೆಯಿಂದ ಮರಳಿದಾಗ ಕಾಲು ಎಳೆಯುತ್ತಿತ್ತಾದರೂ ನಡೆಯುತ್ತಿತ್ತು. ಬಾಯಿಯ ಎಡ ಅಂಚು ಇಳಿಬಿದ್ದು ತುಟಿಯ ಅಕ್ಷರಗಳೆಲ್ಲ ಒಂದೇ ಆಗಿಹೋಗಿದ್ದವು. ಅವರ ಬಾಯಲ್ಲಿ ‘ಬೆಲ್ಲ’ ‘ಪೆಲ್ಲ’ ಎಂದು ಬರುತ್ತಿತ್ತು. ಎಡಗೈ ಮಾತ್ರ ಸತ್ತಂತಿತ್ತು. ಹಿಚುಕುವುದಕ್ಕೆಂದು ವೈದ್ಯರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಮಗುವಿನ ಆಟದ ಸಾಮಾನೆಂದು ಅಪ್ಪ ಅದನ್ನು ಮುಟ್ಟಲಿಲ್ಲ. ಅಮ್ಮನಿಗೂ ಅದರ ಬಗ್ಗೆ ಆತುರವಿರಲಿಲ್ಲ.

“ಊಟ ಬಲಗೈಲಿ. ಪೂಜೆ ಬಲಗೈಲಿ. ಎಡಗೈ ಇಲ್ದಿದ್ರೆ ಏನಂತೆ? ದೇವರು ಬಲಗೈ ಉಳಿಸಿದಾನಲ್ಲ, ಅದಕ್ಕೆ ಕೈ ಮುಗೀಬೇಕು.”

ಅಪ್ಪ ತಡವಾಗಿ, ಒಂದೊಂದೇ ಅಕ್ಷರ ಹುಡುಕಿ ಉತ್ತರ ಕೊಟ್ಟರು.

“ಕೈ ಮುಗಿಯೋಕೆ... ಎರಡು ಬೇಕಲ್ಲೇ.”

ಅಮ್ಮ ಅಡುಗೆಮನೆಗೆ ಹೋದಳು. ಅವಳು ಅತ್ತದ್ದು ನನಗೆ ತಿಳಿದದ್ದು ಸಾರಿಗೆ ಉಪ್ಪು ಎರಡು ಸಲ ಬಿದ್ದಾಗ. ದೇವರ ಮನೆಯಲ್ಲಿ ದಿನವೂ ಇನ್ನೊಂದು ಕಷ್ಟವಿತ್ತು. ತೀರ್ಥ ತೆಗೆದುಕೊಳ್ಳುವಾಗ ನಮ್ಮಲ್ಲಿ ಬಲಗೈಯ ಕೆಳಗೆ ಎಡಗೈಯನ್ನು ಆಸರೆಯಾಗಿ ಹಿಡಿಯುತ್ತೇವೆ, ಹನಿ ನೆಲಕ್ಕೆ ಬೀಳಬಾರದೆಂದು. ಎಡಗೈಗೆ ಮನೆಯಲ್ಲಿ ಸಲ್ಲುತ್ತಿದ್ದ ಏಕೈಕ ಮರ್ಯಾದೆ ಅದು. ಅಪ್ಪನ ಎಡಗೈ ಮೇಲೇಳುತ್ತಿರಲಿಲ್ಲ. ಬಲಗೈ ನಡುಗಿ ತೀರ್ಥ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ನಿಂತು ಅವರ ಕೈಯ ಕೆಳಗೆ ನನ್ನ ಅಂಗೈಯೊಡ್ಡುವುದು ನನ್ನ ಕೆಲಸವಾಯಿತು.

ಚೆಂಡಿನ ಬದಲು ತಮಗೆ ಏನು ಬೇಕೆಂದು ಅಪ್ಪ ಎರಡು ವಾರದ ಮೇಲೆ ಹೇಳಿದರು: ಕ್ಲಚ್. ಪಲ್ಲಾವರದ ಶುಕ್ರವಾರದ ಸಂತೆಯಲ್ಲಿ ಹಳೆಯ ಗಾಡಿಗಳ ಅಂಗಾಂಗಗಳನ್ನು ಗೋಣಿಯ ಮೇಲೆ ಹರಡಿಕೊಂಡು ಮಾರುತ್ತಾರೆ. ನಟೇಶನ್ ಮಾಮ ಅಲ್ಲಿಂದ ಹಳೆಯ ಹ್ಯಾಂಡಲ್ ಒಂದನ್ನು ಹೊತ್ತು ತಂದರು. ಅದನ್ನು ಹಜಾರದ ಕಿಟಕಿಯ ಸರಳುಗಳಿಗೆ ಬಿಗಿದು, ಕ್ಲಚ್ಚಿನ ಕೇಬಲ್ಲನ್ನು ಕೆಳಗೆ ಇಳಿಬಿಟ್ಟು, ತುದಿಗೆ ಅಮ್ಮನ ಹಿತ್ತಾಳೆಯ ಪಾವನ್ನು ಅಕ್ಕಿ ತುಂಬಿ ಕಟ್ಟಿದೆವು. ಲಿವರ್ ಅದುಮಿದರೆ ಪಾವು ಒಂದು ಬೆರಳಷ್ಟು ಮೇಲೇಳಬೇಕು. ಮೊದಲ ದಿನಗಳಲ್ಲಿ ಅದು ಅಲ್ಲಾಡಲೇ ಇಲ್ಲ. ಮಾವಿನಕಾಯಿಯ ಕಾಲ ಮುಗಿಯುವ ಹೊತ್ತಿಗೆ ಪಾವು ಎದ್ದಿತು. ಆಮೇಲೆ ಅಚ್ಚೇರು ಕಟ್ಟಿದೆವು, ಆಮೇಲೆ ಸೇರು. ಅಳತೆಗೆ ಪಾತ್ರೆ ಇಲ್ಲದೆ ಅಮ್ಮ ಅನ್ನಕ್ಕೆ ಅಂದಾಜಿನಲ್ಲಿ ಅಕ್ಕಿ ಹಾಕುತ್ತಿದ್ದಳು, ಗೊಣಗುತ್ತಿದ್ದಳು, ಆದರೆ ಬಿಚ್ಚಿ ಕೊಡಿ ಎಂದು ಕೇಳಲಿಲ್ಲ.

ಕೈಗೆ ಕ್ಲಚ್ ಬಂದ ಮೇಲೆ ಅಪ್ಪನಿಗೆ ಗಾಡಿಯೂ ಬೇಕೆನಿಸಿತು. ಆಷಾಢದಲ್ಲಿ ಗೋಣಿತಾಟು ತೆಗೆದೆವು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಟ್ಯಾಂಕಿನ ಒಳಗೆಲ್ಲ ತುಕ್ಕು. ಸೈಲೆನ್ಸರಿನಲ್ಲಿ ಮಸಿ ಕಲ್ಲಾಗಿತ್ತು. ತಿಣ್ಣೆಯ ಮೇಲೆ ಹಳೆಯ ಸೀರೆ ಹಾಸಿ ಅಪ್ಪ ಸ್ಟೂಲಿನ ಮೇಲೆ ಕೂರುತ್ತಿದ್ದರು, ನಾನು ನೆಲದ ಮೇಲೆ. ಬಿಚ್ಚುವ ಕೈಗಳು ನನ್ನವು, ಬುದ್ಧಿ ಅವರದು. ಕಾರ್ಬುರೇಟರನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ನಾನು ಹುಳಿಯ ಪಾತ್ರೆ ಎತ್ತಿಕೊಂಡದ್ದಕ್ಕೆ ಒಂದು ದೊಡ್ಡ ಜಗಳವಾಯಿತು. ಎರಡು ವಿಮಾನಗಳು ಹಾದುಹೋದರೂ ಅದು ಮುಗಿಯಲಿಲ್ಲ. ಒಂದು ಸಂಜೆ ತುಕ್ಕು ಹಿಡಿದ ಬೋಲ್ಟೊಂದು ಬಲಗೈಗೆ ಬಗ್ಗದೆ ನಾನು ಏದುಸಿರು ಬಿಡುತ್ತಿದ್ದಾಗ ಅಪ್ಪ ಅಡುಗೆಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

“ಎಡಗೈಲಿ ತಿರುಗಿಸು, ವತ್ಸಲಾ. ನಿನ್ನ ಕೈ ಅದು.”

ಸ್ಪ್ಯಾನರನ್ನು ಕೈ ಬದಲಿಸಿದೆ. ಬೋಲ್ಟು ಕಿರುಗುಟ್ಟಿ ಬಿಟ್ಟುಕೊಂಡಿತು. ತಲೆಯೆತ್ತಿದರೆ ಹೊಸ್ತಿಲಲ್ಲಿ ಅಮ್ಮ ನಿಂತಿದ್ದಳು. ತಿರುಗಿ ಒಳಗೆ ಹೋದಳು. ಆ ತಿಂಗಳುಗಳಲ್ಲಿ ತಿಣ್ಣೆಯ ಮೇಲೆ ನಾನು ಎಡಚಿಯಾಗಿದ್ದೆ, ಹೊಸ್ತಿಲು ದಾಟಿದರೆ ಬಲಗೈಯವಳು.

ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಕೊರೆಸಿ ತಂದೆವು. ಹೊಸ ಪಿಸ್ಟನ್, ಹೊಸ ಕ್ಲಚ್ ಪ್ಲೇಟುಗಳು ಬಂದವು. ಟ್ಯಾಂಕಿಗೆ ಅದೇ ಕಪ್ಪು ಬಣ್ಣ ಬಳಿಸಿದೆವು. ಆಯುಧಪೂಜೆಯ ದಿನ ಗಾಡಿಯನ್ನು ಬೀದಿಗಿಳಿಸುವುದೆಂದಾಯಿತು. ಅಮ್ಮ ಕುಂಕುಮವಿಟ್ಟು ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಳು. ಗಾಡಿ ಅವನ್ನು ಅರೆದು ಹೊರಡಬೇಕು. ಕಿಕ್ಕರ್ ತುಳಿದದ್ದು ನಟೇಶನ್ ಮಾಮ. ಎಷ್ಟೋ ವರ್ಷಗಳ ಮೇಲೆ ಆ ಸದ್ದು ಕೇಳಿ ಅಪ್ಪನ ಮುಖದ ಆರೋಗ್ಯವಂತ ಅರ್ಧ ನಕ್ಕಿತು. ಅವರು ಹತ್ತಿ ಕುಳಿತರು. ಬಲಕ್ಕೆ ನಟೇಶನ್ ಮಾಮ, ಎಡಕ್ಕೆ ನಾನು, ಗಾಡಿಯನ್ನು ಹಿಡಿದುಕೊಂಡೆವು. ಅಪ್ಪ ಕ್ಲಚ್ ಅದುಮಿ ಗೇರ್ ಹಾಕಿದರು. ಅದೇ ಗಳಿಗೆಯಲ್ಲಿ ತಲೆಯ ಮೇಲೆ ವಿಮಾನ ಬಂತು. ಆ ಗದ್ದಲದಲ್ಲಿ ಅಪ್ಪ ಒಂದು ಶಬ್ದ ಹೇಳಿದರು. ನಾನು ಕೈಬಿಟ್ಟೆ. ನಟೇಶನ್ ಮಾಮ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದರು. ಒಂದು ಪಕ್ಕ ಹಿಡಿದಿಟ್ಟ ಗಾಡಿ ಕ್ಲಚ್ ಬಿಟ್ಟೊಡನೆ ಗರ್ರನೆ ತಿರುಗಿ ಎಡಕ್ಕೆ ಉರುಳಿತು. ಅಪ್ಪನ ಮೊಣಕೈ, ಮಂಡಿ ತರಚಿಹೋದವು. ಅದೃಷ್ಟಕ್ಕೆ ಮೂಳೆ ಮುರಿಯಲಿಲ್ಲ. ನಿಂಬೆಹಣ್ಣುಗಳು ಇಟ್ಟಲ್ಲೇ ಇದ್ದವು.

“ಬಿಡೀಂತ ಹೇಳಿದ್ರು ಮಾಮ! ನೀವ್ಯಾಕೆ ಹಿಡ್ಕೊಂಡ್ರಿ?”

“ಬಿಡಿಯಾ? ಪಿಡಿ ಅಂದಾನ್‌ಮ್ಮಾ! ಪಿಡಿ ಅಂದ್ರೆ ಹಿಡ್ಕೋ. ನಾನ್ ಪಿಡಿಚೇನ್!”

“ನಿಮ್ಮ ಬೀದಿ ತಮಿಳಲ್ಲಿ ಅದು ಪುಡಿ ಅಲ್ವಾ? ಅವರು ಪುಡಿ ಅನ್ಲಿಲ್ಲ.”

“ಅವನ್ ಬಾಯಿ ಇರೋ ಅಂದಕ್ಕೆ ‘ಪು’ ಎಲ್ಲಿಂದಮ್ಮಾ ಬರತ್ತೆ? ತುಟಿ ದುಂಡಗಾಗಬೇಕಲ್ಲ!”

ನಟೇಶನ್ ಮಾಮನ ವಾದದಲ್ಲಿ ಹುರುಳಿತ್ತು. ನಮ್ಮ ‘ಬಿಡು’ ತಮಿಳಿನಲ್ಲಿ ‘ವಿಡು’. ತಮಿಳಿನ ‘ಪಿಡಿ’ ಹಳಗನ್ನಡದಲ್ಲೂ ‘ಪಿಡಿ’ಯಾಗಿಯೇ ಇದ್ದು ಆಮೇಲೆ ‘ಹಿಡಿ’ಯಾದದ್ದು. ಶಾಸನಗಳಲ್ಲಿ ಈ ಪಕಾರ ಹಕಾರವಾಗುವುದನ್ನು ನೋಡಿ ಕಾಲ ಹೇಳುವುದು ನನ್ನ ಕಸುಬು. ಇಬ್ಬರನ್ನೂ ಸೇರಿಸಿ ಕನ್ನಡದಲ್ಲಿ ಅಪ್ಪ ‘ಬಿಡಿ’ ಎಂದಿರಬಹುದು; ಹಳೆಯ ಗೆಳೆಯನೊಬ್ಬನಿಗೇ ತಮಿಳಿನಲ್ಲಿ ‘ಪಿಡಿ’ ಎಂದಿರಲೂಬಹುದು. ಒಂದರ ಅರ್ಥ ಇನ್ನೊಂದಕ್ಕೆ ನೇರ ವಿರುದ್ಧ. ಗಾಯಕ್ಕೆ ಅರಿಶಿನ ಒತ್ತುತ್ತಿದ್ದಾಗ ಅಪ್ಪನನ್ನೇ ಕೇಳಿದೆ. ಅವರು ಅದೇ ಶಬ್ದವನ್ನು ಮತ್ತೆ ಹೇಳಿದರು. ಅದು ಮತ್ತೆ ಎರಡರಂತೆಯೂ ಕೇಳಿಸಿತು.

ಅಮ್ಮ ಗೋಣಿತಾಟನ್ನು ತಾನೇ ಎಳೆದು ಗಾಡಿಗೆ ಹೊದಿಸಿದಳು. ಸೇರು ಅಡುಗೆಮನೆಗೆ ಮರಳಿತು. ಅದನ್ನು ಯಾರೂ ವಿರೋಧಿಸಲಿಲ್ಲ, ಅಪ್ಪ ಕೂಡ. ಭಯ ಹುಟ್ಟಿಸಿದ್ದು ಅದೇ. ಅವರು ಕಿಟಕಿಯ ಬಳಿ ಕೂರುವುದನ್ನು ಬಿಟ್ಟರು. ದೀಪಾವಳಿ ಬಂದು ಹೋಯಿತು. ತಿಂಗಳುಗಟ್ಟಲೆ ಅದುಮಿ ಅದುಮಿ ಬದುಕಿಸಿಕೊಂಡಿದ್ದ ಬೆರಳುಗಳು ಮತ್ತೆ ಒಳಕ್ಕೆ ಮಡಚಿಕೊಳ್ಳತೊಡಗಿದವು. ಯಾರಾದರೂ ಬಂದರೆ ಆ ಕೈಯನ್ನು ಶಾಲಿನ ಕೆಳಗೆ ಸರಿಸಿಕೊಳ್ಳುತ್ತಿದ್ದರು, ಚಿಕ್ಕಂದಿನಲ್ಲಿ ನಾನು ನನ್ನ ಎಡಗೈಯನ್ನು ಲಂಗದ ಮಡಿಕೆಯಲ್ಲಿ ಅಡಗಿಸುತ್ತಿದ್ದಂತೆ. ಕೈಯೊಂದು ತನ್ನ ಬಗ್ಗೆ ತಾನೇ ನಾಚಿಕೆಪಡುವುದು ಹೇಗಿರುತ್ತದೆಂದು ಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ತೀರ್ಥ ಕೊಟ್ಟಾದ ಮೇಲೆ ಅಮ್ಮ ಮಡಿಸೀರೆಯಲ್ಲೇ ಅಡುಗೆಮನೆಗೆ ಹೋಗಿ ಸೇರಿನ ತುಂಬ ಅಕ್ಕಿ ತಂದಳು. ಮಡಿಯಲ್ಲಿದ್ದಾಗ ನಮ್ಮನ್ನೂ ಮುಟ್ಟದವಳು, ಗ್ರೀಸು ಮೆತ್ತಿದ ಕೇಬಲ್ಲನ್ನು ಕೈಯಲ್ಲಿ ಹಿಡಿದು ತುದಿಗೆ ಸೇರು ಕಟ್ಟಿದಳು. ಗಂಟು ಸರಿಯಾಗಿ ಬೀಳದೆ ಸೀರೆಯ ಸೆರಗಿಗೆಲ್ಲ ಕಪ್ಪು ಮೆತ್ತಿತು.

“ಬನ್ನಿ. ಹಿಡೀರಿ.”

ಅಪ್ಪ ಅಲುಗಲಿಲ್ಲ.

“ಹಿಡೀರಿ ಅಂದ್ರೆ. ಗಂಟು ನಿಲ್ಲಲ್ಲ, ಅಕ್ಕಿ ಬೀಳತ್ತೆ.”

ಅವರು ಎದ್ದು ಬಂದರು. ಅವರ ಮಡಚಿದ ಬೆರಳುಗಳನ್ನು ಅಮ್ಮ ಒಂದೊಂದಾಗಿ ಬಿಡಿಸಿ ಲಿವರಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಒತ್ತಿದಳು. ನನ್ನ ಎಡಗೈಯನ್ನು ಒತ್ತಿ ಹಿಡಿಯುತ್ತಿದ್ದ ಅದೇ ಕೈ, ಅದೇ ಮೌನ. ಸೇರು ಎದ್ದಿತು. ಆಮೇಲೆ ಅವಳು ಮತ್ತೆ ಸ್ನಾನಕ್ಕೆ ಹೋದಳು.

ಅಪ್ಪ ಗಾಡಿ ಓಡಿಸಿದ ದಿನವನ್ನು ನಾನು ಕೋಲಗಳಿಂದ, ಎಂದರೆ ತಮಿಳರ ರಂಗೋಲಿಗಳಿಂದ, ನಿರ್ಣಯಿಸುತ್ತೇನೆ. ಅಂದು ಬೀದಿಯ ಉದ್ದಕ್ಕೂ ದೊಡ್ಡ ರಂಗೋಲಿಗಳಿದ್ದವು, ನಡುವೆ ಸಗಣಿಯುಂಡೆಯ ಮೇಲೆ ಕುಂಬಳದ ಹೂ. ಪೊಂಗಲ್ ಇನ್ನೂ ಬಂದಿರಲಿಲ್ಲ. ಎಂದರೆ ಮಾರ್ಗಳಿ ತಿಂಗಳು. ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗೆ ಯಾವುದೋ ಬೆಳಿಗ್ಗೆ. ಇದಕ್ಕಿಂತ ಹತ್ತಿರ ಹೋಗಲು ನನ್ನಲ್ಲಿ ಸಾಕ್ಷಿಯಿಲ್ಲ. ನಟೇಶನ್ ಮಾಮ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದರು.

“ವತ್ಸಲಾ, ನೀನು ಕನ್ನಡ ಕೇಳು, ನಾನ್ ತಮಿಳ್ ಕೇಳ್ತೀನಿ. ಅವನು ಏನಾದ್ರೂ ಒದರಲಿ.”

“ಯಾರೂ ಏನೂ ಕೇಳ್ಬೇಡಿ,” ಎಂದಳು ಗೇಟಿನ ಬಳಿಯಿದ್ದ ಅಮ್ಮ. “ಇಬ್ಬರೂ ದೂರ ನಿಂತ್ಕೊಳ್ಳಿ. ಅವರೇ ಹಿಡೀಲಿ, ಅವರೇ ಬಿಡ್ಲಿ.”

ನಾವು ದೂರ ನಿಂತೆವು. ಅಪ್ಪನ ಎಡಗೈ ಮುಚ್ಚಿಕೊಂಡದ್ದನ್ನು ನೋಡಿದೆ. ಬೆರಳುಗಳು ನಡುಗುತ್ತ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಂಡವು. ಗಾಡಿ ಒಂದು ಸಲ ಅದುರಿ, ನಿಂಬೆಹಣ್ಣುಗಳನ್ನು ಅರೆದು, ಕೋಲಗಳ ನಡುವೆ ದಾರಿ ಹುಡುಕಿಕೊಂಡು ಹೊರಟಿತು. ತಿರುವಿನಲ್ಲಿ ನೀಲಿ ಹೊಗೆ ಉಳಿಯಿತು, ಅವರು ಮರೆಯಾದರು. ಆಗಲೇ ವಿಮಾನವೊಂದು ಬಂದು ಸದ್ದನ್ನೆಲ್ಲ ನುಂಗಿತು. ಅಮ್ಮ ಗೇಟಿನ ಸರಳನ್ನು ಹಿಡಿದುಕೊಂಡು ನಿಂತಿದ್ದಳು. ವಿಮಾನ ಹೋದ ಮೇಲೂ ಬೀದಿ ಸ್ತಬ್ಧವಾಗಿಯೇ ಇತ್ತು. ಬಹಳ ಹೊತ್ತಿನ ಮೇಲೆ, ಅಥವಾ ಹಾಗೆ ತೋರಿದ ಮೇಲೆ, ತಿರುವಿನಿಂದ ಆ ಹಳೆಯ ಸದ್ದು ಬಂತು, ಅಪ್ಪ ಬಂದರು. ಗೇಟಿನ ಮುಂದೆ ಕ್ಲಚ್ ಹಿಡಿದರು, ಗಾಡಿ ನಿಂತಿತು.

“ಅಯ್ಯೋ, ನಮ್ಮ ಮನೆ ಕೋಲದ ಮೇಲೇ ಬಿಟ್ಟಾನ್ ಪಾವಿ! ನನ್ನ ಹೆಂಡ್ತಿಗೆ ನಾನ್ ಏನು ಸೊಲ್ಲಲಿ?” ಎಂದು ನಟೇಶನ್ ಮಾಮ ಮಫ್ಲರಿನಿಂದ ಕಣ್ಣೊರೆಸಿಕೊಂಡರು.

ಆಮೇಲಿನ ವರ್ಷಗಳಲ್ಲಿ ಅವರು ದೂರವೇನೂ ಹೋಗಲಿಲ್ಲ. ಶುಕ್ರವಾರದ ಸಂತೆಗೆ, ಕಂಟೋನ್ಮೆಂಟಿನ ಮರಗಳ ರಸ್ತೆಗೆ, ರಜೆಯ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ತಿರುಶೂಲದ ಗುಡ್ಡದ ಬುಡದವರೆಗೆ. ಅಲ್ಲಿ ಎಂಜಿನ್ ಆರಿಸಿ, ಅದು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ ಇಬ್ಬರೂ ಸುಮ್ಮನೆ ನಿಲ್ಲುತ್ತಿದ್ದೆವು. ಕಡಲು ಊರೊಳಗೆ ನುಗ್ಗಿದ ವಾರ ಹಳೆಯ ಬಟ್ಟೆಗಳ ಗಂಟನ್ನು ಹಿಂದೆ ಕಟ್ಟಿಕೊಂಡು ಹೋಗಿ ಕೊಟ್ಟು ಬಂದಿದ್ದರು. ಹಾಗಾಗಿ ಎರಡು ಸಾವಿರದ ನಾಲ್ಕರ ಕೊನೆಯವರೆಗೂ ಗಾಡಿ ಓಡುತ್ತಿತ್ತೆಂದು ನಿಸ್ಸಂದೇಹವಾಗಿ ಹೇಳಬಲ್ಲೆ. ಆಯುಧಪೂಜೆಯ ದಿನ ಹೇಳಿದ್ದು ‘ಬಿಡಿ’ಯೋ ‘ಪಿಡಿ’ಯೋ ಎಂಬುದನ್ನು ಮಾತ್ರ ಅವರು ಕೊನೆಗೂ ಹೇಳಲಿಲ್ಲ. ನಾನೂ ನಟೇಶನ್ ಮಾಮನೂ ನಮ್ಮ ನಮ್ಮ ಪಾಠವನ್ನು ಬಿಟ್ಟುಕೊಡಲಿಲ್ಲ.

ಆ ಮಾರ್ಗಳಿಯ ಬೆಳಿಗ್ಗೆ ಗಾಡಿಯನ್ನು ಓಣಿಗೆ ಸೇರಿಸಿ ಅಪ್ಪ ಕೈಕಾಲು ತೊಳೆದು ದೇವರ ಮನೆಗೆ ಬಂದರು. ಅಂಗೈಯಲ್ಲಿ ಇನ್ನೂ ಪೆಟ್ರೋಲಿನ ವಾಸನೆಯಿತ್ತು. ಅಮ್ಮ ಉದ್ಧರಣೆಯನ್ನೆತ್ತಿದಾಗ ನಾನು ಎಂದಿನಂತೆ ಪಕ್ಕದಲ್ಲಿ ನಿಂತು ಅವರ ಬಲಗೈಯ ಕೆಳಗೆ ನನ್ನ ಅಂಗೈಯೊಡ್ಡಿದೆ. ಅಪ್ಪ ನನ್ನ ಕಡೆ ತಿರುಗಿದರು. ಎರಡು ತುಟಿಗಳನ್ನೂ ಕಷ್ಟಪಟ್ಟು ಕೂಡಿಸಿ, ಯಾವ ಸಂಶಯಕ್ಕೂ ಎಡೆಯಿಲ್ಲದ ಕನ್ನಡದಲ್ಲಿ, ಒಬ್ಬಳಿಗೇ ಹೇಳುವ ಏಕವಚನದಲ್ಲಿ ಹೇಳಿದರು.

“ಬಿಡು.”

ನಾನು ಕೈ ತೆಗೆದೆ. ಅದು ಇದ್ದ ಜಾಗಕ್ಕೆ ಅವರ ಎಡಗೈ ಬಂತು.